ಅರ್ಧ ಯೆಜ್ಡಿ

ಕೈಲ್ ಪೊಳ್ದ್ ಮುಗಿದ ಮೂರನೇ ದಿನ
ಕೋವಿ ಒರೆಸಿ ಉಳಿದ ಬಟ್ಟೆಚೂರು ಹಿಡಿದು
ಸೌದೆ ಕೊಟ್ಟಿಗೆಗೆ ಹೋದೆ. ಮುಸುಕು ತೆಗೆದರೆ
ಸೀಟಿನ ಮೇಲೆ ಬೆಕ್ಕಿನ ಮೈಯಂಥ ಬೂಷ್ಟು,
ಹೆಡ್‌ಲೈಟಿನೊಳಗೆ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು,
ಮಡ್‌ಗಾರ್ಡಿನ ಅಡಿಯಲ್ಲಿ ಹತ್ತೊಂಬತ್ತು ವರ್ಷದ ಹಿಂದಿನ
ಚೇರಂಬಾಣೆ ರಸ್ತೆ, ಹೆಂಟೆಹೆಂಟೆಯಾಗಿ.

ಕುಶಾಲನಗರದ ಹುಡುಗ ಭಾನುವಾರ ಬರುತ್ತಾನೆ.
ಎಪ್ಪತ್ತು ಸಾವಿರ ಅಂದಿದ್ದಾನೆ ಫೋನಿನಲ್ಲಿ,
ನೋಡದೆಯೇ. ಹಳೇ ಗಾಡಿಗೆ ಈಗ ಮರ್ಯಾದೆ.
ಹಳೇ ಮನುಷ್ಯರ ರೇಟು ನಾನು ಕೇಳಲಿಲ್ಲ.

ಹೇಳಬೇಕಿತ್ತು ಅವನಿಗೆ: ಇದು ಪೂರ್ತಿ ನನ್ನದಲ್ಲ.
ತೊಂಬತ್ತೊಂದರಲ್ಲಿ, ನಾಪೋಕ್ಲು ಸಂತೆಯ ದಿನ,
ನಾಲ್ಕೂವರೆ ಸಾವಿರ ನಾನು, ನಾಲ್ಕೂವರೆ ಬಿದ್ದಪ್ಪ.
ಪುಸ್ತಕ ಯಾರ ಹೆಸರಿಗೆ ಅಂತ ನಾಣ್ಯ ಚಿಮ್ಮಿದೆವು.
ಅವನು ಗೆದ್ದ. ನಿಲ್ಲಿಸುವ ಜಾಗ ನನ್ನಲ್ಲಿತ್ತು.
"ಬಲಗಡೆ ಸೈಲೆನ್ಸರ್ ನಿನ್ನದು, ಎಡಗಡೇದು ನಂದು ಮಾರಾಯ"
ಎಂದು ನಗುತ್ತಿದ್ದ. ತೊಳೆಯುವಾಗಲೂ ಹಾಗೆಯೇ,
ನಡುವೆ ಗೆರೆ ಎಳೆದಂತೆ, ಬಕೆಟ್ಟೂ ಬೇರೆ ಬೇರೆ.

ಆಮೇಲೆ ಆ ಏರು. ಮೂರನೇ ತಿರುವಿನಲ್ಲಿ ಒಂದು ಕಿರುಚು,
ಕಚ್ಚಿಕೊಂಡು ನಿಂತಿತು. ಎಣ್ಣೆ ಬೆರೆಸದ ಪೆಟ್ರೋಲು.
ನೀನು ಹಾಕಬೇಕಿತ್ತು. ಇಲ್ಲ, ನೀನು.
ಆರು ಮೈಲಿ ತಳ್ಳಿದೆವು, ಹ್ಯಾಂಡಲ್ ಅವನು, ಹಿಂದೆ ನಾನು,
ಅವೇ ಎರಡು ಮಾತು, ತಿರುಗಿಸಿ ಮುರುಗಿಸಿ.
ಗೇಟಿನ ಹತ್ತಿರ ಬಿಟ್ಟು ಹೋದವನು
ಈಗಲೂ ಸೊಸೈಟಿಯಲ್ಲಿ ಎದುರಾದರೆ
ಗೊಬ್ಬರದ ಚೀಲದ ಮೇಲಿನ ಅಕ್ಷರ ಓದುತ್ತಾನೆ.
ನಾನೂ ಓದುತ್ತೇನೆ. ಇಬ್ಬರಿಗೂ ಬಾಯಿಪಾಠ.

ಸೀಮೆಎಣ್ಣೆ, ಸವೆದ ಹಲ್ಲುಜ್ಜುವ ಬ್ರಷ್ಷು, ಒಲೆಬೂದಿ.
ಚಕ್ರದ ಕಡ್ಡಿ ಒಂದೊಂದಾಗಿ. ಹಬ್ಬಿಗೆ ಉಪ್ಪುಕಾಗದ.
ಟ್ಯಾಂಕಿನ ಕೆಂಪು ಎದ್ದು ಬಂತು ನಿಧಾನಕ್ಕೆ,
ಜ್ವರ ಬಿಟ್ಟ ಮುಖದಂತೆ.
ಸೈಲೆನ್ಸರಿನ ತುಕ್ಕು ಮಾತ್ರ ಜಪ್ಪಯ್ಯ ಅಂದರೂ ಬಿಡದು.
ಆಗ ಕಂಡದ್ದು, ಅಡುಗೆಮನೆಯ ನಾಗೊಂದಿಗೆ ಮೇಲೆ
ಚೋಂದಮ್ಮನ ಕಾಚಂಪುಳಿ ಬಾಟಲಿ.
ಹಂದಿಯ ಕೊಬ್ಬನ್ನೇ ಮಣಿಸುವ ಹುಳಿಗೆ ಕಬ್ಬಿಣ ಯಾವ ಲೆಕ್ಕ!
ಎರಡೇ ಚಮಚ ಅಂತ ಶುರು ಮಾಡಿದ್ದು.
ತುಕ್ಕು ಕಪ್ಪು ನೊರೆಯಾಗಿ ಇಳಿಯಿತು.
ಬಲಗಡೆಯದು ಬೆಳ್ಳಗಾಯಿತು, ಅದರಲ್ಲಿ ನನ್ನ ಮುಖ
ಸೋರೆಕಾಯಿಯಷ್ಟು ಉದ್ದ.
ಎಡಗಡೆಯದನ್ನು ಮುಟ್ಟಲಿಲ್ಲ. ನನ್ನದಲ್ಲವಲ್ಲ.

ನಾಲ್ಕು ಹನಿ ಟೂಲ್ ಬಾಕ್ಸಿನ ಬೀಗಕ್ಕೂ ಬಿಟ್ಟೆ.
ಕೀಲಿಕೈ ಅಂದೇ ಕಳೆದಿತ್ತು. ಸ್ಕ್ರೂಡ್ರೈವರಿನಲ್ಲಿ ಮೀಟಿದರೆ
ಟಕ್ಕೆಂದು ಬಾಯಿಬಿಟ್ಟಿತು:
ಪ್ಲಗ್ ಸ್ಪ್ಯಾನರು, ಜಿರಳೆಯ ಒಣಗಿದ ರೆಕ್ಕೆ,
ಅಡಿಯಲ್ಲಿ ಸೀಲು ಒಡೆಯದ ಎಣ್ಣೆ ಬಾಟಲಿ.
ಸುತ್ತಿದ ಬಿಲ್ಲಿನಲ್ಲಿ ನನ್ನ ಹೆಸರು, ಆ ದಿನದ ತಾರೀಕು.

ಮಳೆ ಹನಿಯುತ್ತಿತ್ತು. ಆಮೇಲೆ ಹಾಕಿದರಾಯಿತು
ಅಂದುಕೊಂಡವನು ನಾನೇ.
ಸೌದೆ ರಾಶಿಯ ಮೇಲೆ ಕೂತೆ, ಬಹಳ ಹೊತ್ತು.

ಈ ಯೆಜ್ಡಿಯ ವಿಚಿತ್ರ ನಿಮಗೆ ಗೊತ್ತಿರಬಹುದು.
ಕಿಕ್ಕಿಗೂ ಗೇರಿಗೂ ಒಂದೇ ಲಿವರ್,
ಒಳಗೆ ಒತ್ತಿ ಎತ್ತಿದರೆ ಕಿಕ್ಕು, ಮಲಗಿಸಿದರೆ ಗೇರು.
ಸಿಲಿಂಡರ್ ಒಂದೇ. ಬೆಂಕಿ ಒಂದೇ.
ಹೊಗೆಗೆ ಮಾತ್ರ ಎರಡು ದಾರಿ.

ಸಂಜೆ ಚೋಂದಮ್ಮ ಬಂದು ಖಾಲಿ ಬಾಟಲಿ ಎತ್ತಿ ನೋಡಿದಳು,
ಹೊಳೆಯುತ್ತಿದ್ದ ಎಡಗಡೆಯನ್ನೂ.
"ಭಾನುವಾರ ಪಂದಿ ಕರಿಗೆ ಇನ್ನೇನು ಹಾಕಲಿ?"
ಬೈಯಲಿಲ್ಲ. ಗದ್ದೆಯಾಚೆ ಎಲ್ಲೋ ನೋಡುತ್ತಾ
"ಬಿದ್ದಪ್ಪನವರ ಮನೆಯದು ಚೆನ್ನಾಗಿ ದಪ್ಪ ಇರುತ್ತೆ,
ಹೋಗಿ ಕೇಳಿ" ಅಂದು ಕಾಫಿ ಇಟ್ಟು ಹೋದಳು.

ಪ್ಲಗ್ ಬಿಚ್ಚಿ, ಆ ಬಾಟಲಿಯ ಸೀಲು ಒಡೆದು
ತೂತಿಗೆ ಎಣ್ಣೆ ಹೊಯ್ದೆ, ಹತ್ತೊಂಬತ್ತು ವರ್ಷ ತಡವಾಗಿ.
ಲಿವರ್ ಒತ್ತಿದೆ. ಕದಲಲಿಲ್ಲ.
ಅವಸರ ಮಾಡಬಾರದು, ಎರಡು ದಿನವಾದರೂ ನೆನೆಯಬೇಕು
ಎನ್ನುತ್ತಿದ್ದ ಮೂರ್ನಾಡಿನ ಮೆಕ್ಯಾನಿಕ್ ಕುಂಞಿ.

ನೆನೆಯಲಿ.
ನಾನೂ ಇಲ್ಲೇ ಕೂತಿದ್ದೇನೆ,
ಹುಳಿ ಬಾಟಲಿ ತೊಳೆದಿಟ್ಟುಕೊಂಡು.